ವಾಹನ ಚಾಲಕರಿಗೆ ಉಪಗ್ರಹ ಮಾರ್ಗದರ್ಶಿ

ಪುಣೆಯಿಂದ ಸಾತಾರಾ, ಕೊಲ್ಹಾಪುರ, ಬೆಳಗಾವಿಗಳ ಮೂಲಕ ಬೆಂಗಳೂರಿನತ್ತ ಸಾಗುವ 48ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಇಂದು ಅನೇಕ ಚಾಲಕರು ಜಿ.ಪಿ.ಎಸ್. ಸಾಧನವನ್ನು ಅವಲಂಬಿಸುತ್ತಾರೆ. ಇದು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಪರಿಭ್ರಮಿಸುವ ಉಪಗ್ರಹಗಳ ಸಂಕೇತಗಳನ್ನು ಗ್ರಹಿಸಿ, ಅವು ತಲುಪಲು ತೆಗೆದುಕೊಂಡ ಕಾಲದಿಂದ ದೂರವನ್ನು ಗಣಿಸುತ್ತದೆ. ಕಾಲಗಣನೆಯಲ್ಲಿ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ತಪ್ಪಿದರೂ ದೂರದಲ್ಲಿ 300 ಮೀಟರ್ ವ್ಯತ್ಯಾಸವಾಗುತ್ತದೆ. ಸಾಧನದ ಗಡಿಯಾರದ ಈ ದೋಷವನ್ನು ನಿವಾರಿಸಲು ಮೂರು ಉಪಗ್ರಹಗಳು ಸಾಲವು. ಕನಿಷ್ಠ ನಾಲ್ಕು ಬೇಕು.

ಈ ಸಂಕೇತಗಳು ಬೆಟ್ಟವನ್ನು ಭೇದಿಸಲಾರವು. ಆದುದರಿಂದ ಪುಣೆಯ ಸಮೀಪದ ಕಾತ್ರಜ್ ಸುರಂಗದೊಳಗೆ ಸಾಧನವು ತೋರಿಸುವ ಸ್ಥಾನವು ಕೇವಲ ಅಂದಾಜು. ನಕಾಶೆ ಹಳೆಯದಾಗಿದ್ದರೆ ಹೊಸ ಮೇಲ್ಸೇತುವೆ, ಏಕಮುಖ ಸಂಚಾರದ ರಸ್ತೆಗಳು ಅದರಲ್ಲಿ ಇರಲಾರವು. ಸಾಧನದ ಸೂಚನೆಗೂ ರಸ್ತೆಬದಿಯ ಫಲಕಕ್ಕೂ ವಿರೋಧ ಕಂಡುಬಂದಲ್ಲಿ ಫಲಕವನ್ನೇ ಪಾಲಿಸತಕ್ಕದ್ದು. ತಿರುವು ತಪ್ಪಿತೆಂದು ಹೆದ್ದಾರಿಯಲ್ಲಿ ವಾಹನವನ್ನು ಹಿಂದಕ್ಕೆ ನಡೆಸುವುದು ಪ್ರಾಣಾಪಾಯಕರ; ಮುಂದೆ ಸಾಗಿದರೆ ಸಾಧನವೇ ಬೇರೆ ಮಾರ್ಗವನ್ನು ಸೂಚಿಸುತ್ತದೆ.

ತಲುಪಬೇಕಾದ ಸ್ಥಳವನ್ನು ಹೊರಡುವ ಮೊದಲೇ ನಮೂದಿಸಬೇಕು. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ವಾಹನ ಚಲಾಯಿಸುವಾಗ ಮೊಬೈಲ್ ದೂರವಾಣಿಯನ್ನು ಮಾರ್ಗ ತಿಳಿಯಲು ಮಾತ್ರ, ಅದೂ ಏಕಾಗ್ರತೆಗೆ ಭಂಗ ಬಾರದಂತೆ, ಬಳಸಬಹುದು. ಸಾಧನವು ದಾರಿ ತೋರಬಲ್ಲುದು. ಎಚ್ಚರಿಕೆಯ ಹೊಣೆ ಮಾತ್ರ ಚಾಲಕನದು.