ಸೋತ ಚಿತ್ರಗಳು

ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿಗೆ ಹೋಗುವ ದಾರಿಯು ಕಾಫಿ ತೋಟಗಳ ನಡುವೆ ಸುತ್ತಿ ಸುತ್ತಿ ಮೇಲೇರುತ್ತದೆ. ಮೊದಮೊದಲು ಇಕ್ಕೆಲಗಳಲ್ಲಿಯೂ ಸಿಲ್ವರ್ ಮರಗಳು, ಅವುಗಳನ್ನು ತಬ್ಬಿ ಬೆಳೆದ ಮೆಣಸಿನ ಬಳ್ಳಿಗಳು, ಕೆಳಗೆ ಕಾಫಿ ಗಿಡಗಳ ಕಡುಹಸಿರು. ಮೇಲೇರಿದಂತೆ ತೋಟಗಳು ಹಿಂದೆ ಸರಿದು, ಹುಲ್ಲು ಹೊದ್ದ ಬೆಟ್ಟಗಳು ಎದುರಾಗುತ್ತವೆ. ಸುಮಾರು 1,930 ಮೀಟರ್ ಎತ್ತರದ ಈ ಶಿಖರವು ಕರ್ನಾಟಕದಲ್ಲಿಯೇ ಅತ್ಯಂತ ಎತ್ತರವಾದುದು. ಮುಂಜಾನೆ ಅಲ್ಲಿ ನಿಂತವನ ಮುಂದೆ ಬೆಟ್ಟದ ಹಿಂದೆ ಬೆಟ್ಟ, ಅದರ ಹಿಂದೆ ಮತ್ತೊಂದು ಬೆಟ್ಟ. ಕಣಿವೆಗಳಲ್ಲಿ ಹಾಲಿನಂತೆ ತುಂಬಿ ನಿಂತ ಮಂಜು. ನೋಡಿದವನು ಮೈಮರೆಯುತ್ತಾನೆ, ಕೈಯಲ್ಲಿ ಕ್ಯಾಮೆರಾ ಇದ್ದರೆ ಚಿತ್ರವನ್ನೂ ತೆಗೆಯುತ್ತಾನೆ.

ಮನೆಗೆ ಬಂದು ಆ ಚಿತ್ರವನ್ನು ನೋಡಿದಾಗ ನಿರಾಶೆ. ಆಕಾಶ ಬರಿಯ ಬಿಳಿ ಕಾಗದದಂತಿದೆ. ಮುಂದಿನ ಬಂಡೆಗಳು ಮಸಿ ಬಳಿದಂತೆ ಕಪ್ಪು. ಸಾಲುಸಾಲಾಗಿ ಕಂಡ ಬೆಟ್ಟಗಳೆಲ್ಲ ಕಲೆತು ಒಂದೇ ಬೂದುಬಣ್ಣದ ಗೋಡೆಯಾಗಿವೆ. “ನಾನು ಕಂಡದ್ದು ಇದಲ್ಲ” ಎಂದು ಅವನು ಚಿತ್ರವನ್ನು ಮೂಲೆಗೆ ಎಸೆಯುತ್ತಾನೆ. ಹಾಗೆ ಎಸೆಯುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಬಹುದಾಗಿತ್ತು: ಹಾಗಾದರೆ ಅವನು ಕಂಡದ್ದಾದರೂ ಏನು?

ಮನುಷ್ಯನ ಕಣ್ಣು ಒಂದು ನೋಟವನ್ನು ಒಮ್ಮೆಗೇ ಕಾಣುವುದಿಲ್ಲ. ಆಕಾಶವನ್ನು ನೋಡುವಾಗ ಪಾಪೆ ಕಿರಿದಾಗುತ್ತದೆ. ಬಂಡೆಯ ನೆರಳಿಗೆ ತಿರುಗಿದಾಗ ಹಿರಿದಾಗುತ್ತದೆ. ಇಂತಹ ಹತ್ತಾರು ನೋಟಗಳನ್ನು ಮನಸ್ಸು ಹೊಲಿದು ಒಂದು ಮಾಡುತ್ತದೆ. ಅಷ್ಟೇ ಅಲ್ಲ, ಬೇಡವಾದುದನ್ನು ಅದು ನೋಡಿಯೂ ನೋಡದಂತೆ ಬಿಟ್ಟುಬಿಡುತ್ತದೆ. ಕ್ಯಾಮೆರಾಕ್ಕೆ ಈ ಎರಡು ವಿದ್ಯೆಗಳೂ ತಿಳಿಯವು. ಅದು ಬೆಳಕನ್ನು ಒಂದೇ ಅಳತೆಯಲ್ಲಿ ಹಿಡಿಯುತ್ತದೆ; ಎದುರಿಗಿರುವುದೆಲ್ಲ ಅದಕ್ಕೆ ಸಮಾನ. ಮಂಜಿನ ಮುಂದಂತೂ ಅದು ಇನ್ನಷ್ಟು ಮೋಸಹೋಗುತ್ತದೆ. ಬೆಳಕನ್ನು ಅಳೆಯುವ ಅದರ ಸಾಧನವು ಎದುರಿನ ದೃಶ್ಯವನ್ನು ಸರಾಸರಿ ಬೂದುಬಣ್ಣದ್ದೆಂದು ಭಾವಿಸಿ ಲೆಕ್ಕ ಹಾಕುವುದರಿಂದ, ಬೆಳ್ಳನೆಯ ಮಂಜು ಚಿತ್ರದಲ್ಲಿ ಹೊಗೆಯಂತೆ ಮಂಕಾಗುತ್ತದೆ.

ಈ ತೊಡಕು ಛಾಯಾಗ್ರಹಣದಷ್ಟೇ ಹಳೆಯದು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಬಳಕೆಯಲ್ಲಿದ್ದ ಗಾಜಿನ ಫಲಕಗಳು ನೀಲಿ ಬೆಳಕಿಗೆ ಬಹುಬೇಗ ಸ್ಪಂದಿಸುತ್ತಿದ್ದವು. ನೆಲ ಸರಿಯಾಗಿ ಮೂಡುವಷ್ಟು ಹೊತ್ತು ಬೆಳಕು ಕೊಟ್ಟರೆ ಆಕಾಶ ಪೂರ್ಣ ಬೆಳ್ಳಗಾಗುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ ಎಂಬ ಛಾಯಾಗ್ರಾಹಕನು 1850ರ ದಶಕದಲ್ಲಿ ಕಡಲಿನ ಚಿತ್ರಗಳನ್ನು ತೆಗೆಯುವಾಗ ಇದಕ್ಕೊಂದು ಉಪಾಯ ಹುಡುಕಿದನು. ಕಡಲಿಗೊಂದು, ಮೋಡಗಳಿಗೊಂದು ಎಂದು ಎರಡು ನೆಗೆಟಿವ್‌ಗಳನ್ನು ಸಿದ್ಧಮಾಡಿ, ಅವೆರಡನ್ನೂ ಒಂದೇ ಕಾಗದದ ಮೇಲೆ ದಿಗಂತದ ಗೆರೆಯಲ್ಲಿ ಕೂಡಿಸಿ ಮುದ್ರಿಸಿದನು. ಜನ ಬೆರಗಾದರು. ಆ ಮೋಡಗಳು ಆ ಕಡಲಿನ ಮೇಲೆ ಆ ಗಳಿಗೆಯಲ್ಲಿ ಇರಲಿಲ್ಲವಲ್ಲ ಎಂಬ ಆಕ್ಷೇಪಕ್ಕೆ ಅಂದು ಫಲಕದ ದೌರ್ಬಲ್ಯವೇ ಸಮಾಧಾನವಾಗಿತ್ತು. ಇಂದು ಆ ಸಮಾಧಾನ ಸಲ್ಲದು.

ಅಮೆರಿಕದ ಆನ್ಸೆಲ್ ಆಡಮ್ಸ್ ಹಿಡಿದ ದಾರಿ ಬೇರೆ. 1941ರ ಒಂದು ಸಂಜೆ, ನ್ಯೂ ಮೆಕ್ಸಿಕೊದ ಹೆರ್ನಾಂಡೆಸ್ ಎಂಬ ಹಳ್ಳಿಯ ಬಳಿ ಕಾರಿನಲ್ಲಿ ಹೋಗುತ್ತಿದ್ದಾಗ, ಬೆಟ್ಟಗಳ ಮೇಲೆ ಚಂದ್ರ ಮೂಡಿದ್ದುದನ್ನೂ, ಕೆಳಗೆ ಸ್ಮಶಾನದ ಶಿಲುಬೆಗಳ ಮೇಲೆ ಕಡೆಯ ಬಿಸಿಲು ಬಿದ್ದುದನ್ನೂ ಅವರು ಕಂಡರು. ಅವಸರದಲ್ಲಿ ಬೆಳಕಿನ ಮಾಪಕ ಕೈಗೆ ಸಿಗಲಿಲ್ಲ. ಚಂದ್ರನ ಪ್ರಕಾಶ ಎಷ್ಟೆಂಬುದು ನೆನಪಿದ್ದುದರಿಂದ ಅದನ್ನೇ ಆಧಾರವಾಗಿಟ್ಟುಕೊಂಡು ಒಂದು ಚಿತ್ರ ತೆಗೆದರು. ಎರಡನೆಯದಕ್ಕೆ ಅಣಿಯಾಗುವಷ್ಟರಲ್ಲಿ ಬಿಸಿಲು ಮಾಯವಾಗಿತ್ತು. ದಕ್ಕಿದ ಆ ಒಂದೇ ನೆಗೆಟಿವ್ ಕೂಡ ನಿರ್ದೋಷವಾಗಿರಲಿಲ್ಲ. ಮುಂಭಾಗದ ನೆಲ ತೀರ ತೆಳುವಾಗಿ ಮೂಡಿತ್ತು. ಏಳು ವರ್ಷಗಳ ಮೇಲೆ, 1948ರಲ್ಲಿ, ಅವರು ನೆಗೆಟಿವ್‌ನ ಆ ಭಾಗವನ್ನು ಮಾತ್ರ ರಾಸಾಯನಿಕ ದ್ರವದಲ್ಲಿ ಅದ್ದಿ ಗಾಢಗೊಳಿಸಿದರು. ಮುಂದಿನ ದಶಕಗಳಲ್ಲಿ ಅದನ್ನು ಮತ್ತೆ ಮತ್ತೆ ಮುದ್ರಿಸುತ್ತ ಹೋದರು. ಮೊದಲ ಮುದ್ರಣಗಳ ಆಕಾಶದಲ್ಲಿ ತಿಳಿಮೋಡಗಳ ಗೆರೆಗಳಿವೆ. ಕಡೆಯವುಗಳಲ್ಲಿ ಆಕಾಶ ಕಪ್ಪಿಟ್ಟಿದೆ, ಚಂದ್ರನೊಬ್ಬನೇ ಉಳಿದಿದ್ದಾನೆ. ಪಿಯಾನೊ ವಾದನ ಕಲಿತಿದ್ದ ಅವರು ನೆಗೆಟಿವ್ ಅನ್ನು ಸಂಗೀತದ ಸ್ವರಲಿಪಿಗೂ, ಮುದ್ರಣವನ್ನು ಕಚೇರಿಗೂ ಹೋಲಿಸುತ್ತಿದ್ದರು. ಒಂದೇ ಕೃತಿಯನ್ನು ಹಾಡುಗಾರನು ಇಪ್ಪತ್ತರ ಹರೆಯದಲ್ಲಿ ಹಾಡಿದಂತೆ ಅರವತ್ತರಲ್ಲಿ ಹಾಡುವುದಿಲ್ಲವಷ್ಟೆ.

ನಮ್ಮ ಕಾಫಿ ಸೀಮೆಯಲ್ಲಿಯೂ ಕ್ಯಾಮೆರಾದೊಡನೆ ಬಹುಕಾಲ ಒಡನಾಡಿದ ಲೇಖಕರೊಬ್ಬರಿದ್ದರು. ಮೈಸೂರಿನಲ್ಲಿ ಎಂ.ಎ. ಮುಗಿಸಿ, ನೌಕರಿಯನ್ನು ಅರಸದೆ ಮೂಡಿಗೆರೆಯ ಕಡೆಗೆ ಬಂದು ಬೆಳೆಗಾರರಾದ ಪೂರ್ಣಚಂದ್ರ ತೇಜಸ್ವಿಯವರು (1938–2007) ಹಕ್ಕಿಗಳ ಚಿತ್ರಗಳನ್ನು ಬರವಣಿಗೆಯಷ್ಟೇ ಶ್ರದ್ಧೆಯಿಂದ ತೆಗೆದರು. ಅದು ಫಿಲಂ ಸುರುಳಿಗಳ ಕಾಲ. ಒಂದು ಸುರುಳಿಗೆ ಮೂವತ್ತಾರು ಚಿತ್ರ. ಅದನ್ನು ಸಂಸ್ಕರಿಸುವವರೆಗೆ ಗೆದ್ದುದೆಷ್ಟು, ಸೋತುದೆಷ್ಟು ಎಂಬುದು ತಿಳಿಯದು. ಹೀಗಾಗಿ ಆ ಕಾಲದ ಛಾಯಾಗ್ರಾಹಕನು ಸೋತ ಚಿತ್ರವನ್ನು ಸುಲಭವಾಗಿ ಬಿಸಾಡುತ್ತಿರಲಿಲ್ಲ. ಬೆಲೆ ತೆತ್ತು ಪಡೆದ ಸೋಲು ಅದು. ಒಂದು ಗಳಿಗೆಯಲ್ಲಿ ನೂರು ಚಿತ್ರ ತೆಗೆದು ತೊಂಬತ್ತೊಂಬತ್ತನ್ನು ಅಳಿಸುವ ಇಂದಿನವನಿಗೆ ಆ ತಾಳ್ಮೆ ಕಷ್ಟವೇ ಸರಿ.

ಕೊಟ್ಟಿಗೆಹಾರದಿಂದ ಕಳಸಕ್ಕೆ ಹೋಗುವ ದಾರಿಯಲ್ಲಿ ತೆಗೆದ ಒಂದು ಚಿತ್ರವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಬೇಸಿಗೆಯ ಹೂಮಳೆ ಬಿದ್ದು ವಾರ ಕಳೆದಿದೆ. ತೋಟವೆಲ್ಲ ಮಲ್ಲಿಗೆಯಂತೆ ಅರಳಿದೆ. ಈ ಹೂವಿನ ಬಾಳು ಎರಡು ಮೂರು ದಿನ ಮಾತ್ರ. ಚಿತ್ರದಲ್ಲಿ ಅರ್ಧ ಭಾಗ ಡಾಂಬರು ರಸ್ತೆಯೇ ಇದೆ. ಸಿಲ್ವರ್ ಮರಗಳು ಹಿಂದಕ್ಕೆ ವಾಲಿದಂತಿವೆ. ಹೂಗಳ ಬಿಳುಪು ಹಸಿರಾಗಿದೆ. ದೂರದ ಬೆಟ್ಟವಂತೂ ಇದ್ದೂ ಇಲ್ಲದಂತಿದೆ.

ಮೊದಲು ರಸ್ತೆ. ಹಿಂದೆ ರಟ್ಟಿನಲ್ಲಿ ಕತ್ತರಿಸಿದ ಎರಡು ಮೂಲೆಮಟ್ಟದ ಆಕಾರಗಳನ್ನು ಚಿತ್ರದ ಮೇಲಿಟ್ಟು, ಹಿಂದೆ ಮುಂದೆ ಸರಿಸುತ್ತ ಚೌಕಟ್ಟನ್ನು ಹುಡುಕುತ್ತಿದ್ದರು. ಇಂದು ಫೋನಿನ ಪರದೆಯ ಮೇಲೆ ಬೆರಳು ಆ ಕೆಲಸ ಮಾಡುತ್ತದೆ. ರಸ್ತೆಯನ್ನು ಕತ್ತರಿಸಿದೊಡನೆ ತಿಳಿಯುವ ಸಂಗತಿಯೆಂದರೆ, ತೆಗೆದವನು ನಾಲ್ಕು ಹೆಜ್ಜೆ ಮುಂದೆ ಹೋಗಬೇಕಾಗಿತ್ತು ಎಂಬುದು. ಮರಗಳು ವಾಲಿದ್ದು ಕ್ಯಾಮೆರಾವನ್ನು ಮೇಲಕ್ಕೆ ಎತ್ತಿದ್ದರಿಂದ; ಅದನ್ನು ನೇರಗೊಳಿಸಿದರೆ ಅಂಚುಗಳಲ್ಲಿ ಒಂದಿಷ್ಟು ಚಿತ್ರ ನಷ್ಟವಾಗುತ್ತದೆ. ಹೂಗಳು ಹಸಿರಾದದ್ದು ಎಲೆಗಳ ಮೂಲಕ ಸೋಸಿ ಬಂದ ಬೆಳಕಿನಿಂದ. ಇಲ್ಲಿ ಹೂವೇ ತಿದ್ದುವವನಿಗೆ ನೆರವಾಗುತ್ತದೆ: ಕಾಫಿ ಹೂವು ಬಿಳಿಯೆಂಬುದು ನಿಶ್ಚಿತವಾದುದರಿಂದ, ಅದು ಬೆಳ್ಳಗಾಗುವವರೆಗೆ ಬಣ್ಣವನ್ನು ಸರಿಪಡಿಸಿದರೆ ಉಳಿದ ಬಣ್ಣಗಳೂ ಬಹುಮಟ್ಟಿಗೆ ತಮ್ಮ ಸ್ಥಾನಕ್ಕೆ ಬರುತ್ತವೆ. ಬೆಟ್ಟವನ್ನು ಮರೆಮಾಡಿದ್ದು ನಡುವಿನ ಗಾಳಿ. ಅದರ ಕಣಗಳಲ್ಲಿ ಚದರಿದ ಬೆಳಕು ದೂರದ ಬೆಟ್ಟವನ್ನು ನೀಲಿಯಾಗಿಸಿ ಮಸುಕುಗೊಳಿಸುತ್ತದೆ. ಆ ಭಾಗದ ನೆರಳನ್ನು ಸ್ವಲ್ಪ ಗಾಢಗೊಳಿಸಿದರೆ ಬೆಟ್ಟದ ಏಣು ಕಾಣುತ್ತದೆ. ಹೆಚ್ಚು ಗಾಢಗೊಳಿಸಿದರೆ ಬೆಟ್ಟ ತೋಟದ ಬೆನ್ನಿಗೇ ಬಂದು ನಿಂತಂತಾಗಿ ದೂರವೆಂಬುದೇ ಅಳಿಯುತ್ತದೆ. ಮಸುಕು ಎಲ್ಲೆಡೆಯೂ ದೋಷವಲ್ಲ. ಮಲೆನಾಡಿನಲ್ಲಿ ಅದು ದೂರದ ಅಳತೆಗೋಲು.

ತಿದ್ದಲಾಗದ ತಪ್ಪುಗಳೂ ಉಂಟು. ಡಿಜಿಟಲ್ ಚಿತ್ರದಲ್ಲಿ ಪೂರ್ಣ ಬೆಳ್ಳಗಾದ ಮೋಡವನ್ನು ಎಷ್ಟು ಕಪ್ಪಾಗಿಸಿದರೂ ಮೋಡ ಮರಳದು. ಅಲ್ಲಿ ಏನೂ ದಾಖಲಾಗಿರುವುದಿಲ್ಲ. ಕತ್ತಲಾದ ಭಾಗದಲ್ಲಾದರೋ ಬಹಳಷ್ಟು ವಿವರ ಅಡಗಿರುತ್ತದೆ. ನೆಗೆಟಿವ್ ಫಿಲಮ್ಮಿನ ಸ್ವಭಾವ ಇದಕ್ಕೆ ವಿರುದ್ಧವಾದುದು. ಅದು ನೆರಳನ್ನು ಬೇಗ ಕಳೆದುಕೊಳ್ಳುತ್ತದೆ.

ಮಾಡಬಹುದಾದರೂ ಮಾಡಬಾರದ ತಿದ್ದುಪಡಿಗಳ ಮಾತು ಬೇರೆ. ಮಸೂರದ ಮೇಲೆ ಕೂತ ಧೂಳಿನ ಚುಕ್ಕೆ ಬೆಟ್ಟದ್ದಲ್ಲ. ಅದನ್ನು ಅಳಿಸಿದರೆ ಯಾರಿಗೂ ನಷ್ಟವಿಲ್ಲ. ವಿದ್ಯುತ್ ತಂತಿಯನ್ನು ಅಳಿಸುವವರಿದ್ದಾರೆ. ಆದರೆ ಕೆಳಗಿನ ಮನೆಗಳಲ್ಲಿ ದೀಪ ಉರಿಯುವುದು ಆ ತಂತಿಯಿಂದ. 2019ರ ಆಗಸ್ಟ್ ತಿಂಗಳ ಭಾರಿ ಮಳೆಯಲ್ಲಿ ಮೂಡಿಗೆರೆ, ಕಳಸಗಳ ಸುತ್ತಿನ ಅನೇಕ ಕಡೆ ಗುಡ್ಡಗಳು ಜರಿದು ತೋಟಗಳೂ ಮನೆಗಳೂ ಮಣ್ಣುಪಾಲಾದವು. ಹಸಿರು ಇಳಿಜಾರಿನ ನಡುವೆ ಅಂತಹ ಕುಸಿತವೊಂದು ಮೇಲಿನಿಂದ ಕೆಳಗಿನವರೆಗೆ ಕೆಂಪು ಗೆರೆ ಎಳೆದಂತೆ ಚಿತ್ರದಲ್ಲಿ ಮೂಡುತ್ತದೆ. ಅಂದವನ್ನಷ್ಟೇ ಅರಸಿ ಬಂದವನಿಗೆ ಅದೊಂದು ಕಲೆ. ಬೆರಳಿನಿಂದ ಒಮ್ಮೆ ಸವರಿದರೆ ಅಕ್ಕಪಕ್ಕದ ಹಸಿರು ಹರಿದು ಬಂದು ಅದನ್ನು ಮುಚ್ಚಿಬಿಡುತ್ತದೆ, ಗುರುತೂ ಉಳಿಯುವುದಿಲ್ಲ. ಆ ಮಣ್ಣಿನಡಿಯಲ್ಲಿ ತನ್ನ ಕಾಫಿ ಗಿಡಗಳನ್ನು ಕಳೆದುಕೊಂಡವನ ಮುಂದೆ ಅಂತಹ ಚಿತ್ರವನ್ನು ಹಿಡಿದು ನಿಲ್ಲುವ ಧೈರ್ಯ ಯಾರಿಗಿದ್ದೀತು? ಬೆಳಕನ್ನು ತಿದ್ದುವವನು ತಾನು ಕಂಡುದನ್ನು ಮರಳಿ ಪಡೆಯಲು ಯತ್ನಿಸುತ್ತಾನೆ. ನೆಲವನ್ನು ತಿದ್ದುವವನು ಕಂಡುದನ್ನೇ ಅಲ್ಲಗಳೆಯುತ್ತಾನೆ.

ಇನ್ನು ಮುಳ್ಳಯ್ಯನಗಿರಿಯ ಆ ಬೂದುಬಣ್ಣದ ಚಿತ್ರ. ಮೂಲೆಯಿಂದ ಅದನ್ನು ಮತ್ತೆ ತೆಗೆದು, ಮಂಜನ್ನು ಸ್ವಲ್ಪ ಬೆಳ್ಳಗೆ ಮಾಡಿ, ಬಂಡೆಗಳ ಕತ್ತಲನ್ನು ಸಡಿಲಿಸಿ ನೋಡಿದರೆ, ಬಲಗಡೆಯ ಕಣಿವೆಯಲ್ಲಿ ಮಂಜಿನಿಂದ ತಲೆ ಎತ್ತಿದ ಒಂದು ಮರ ಕಾಣುತ್ತದೆ. ಚಿತ್ರ ತೆಗೆಯುವಾಗ ಅದು ಅವನ ಕಣ್ಣಿಗೆ ಬಿದ್ದಿರಲೇ ಇಲ್ಲ. ಚಿತ್ರದಲ್ಲಿ ಅದು ತೀರ ಚಿಕ್ಕದು. ಕತ್ತರಿಸಿ ಹಿಗ್ಗಿಸಿದರೆ ಒಡೆದುಹೋಗುತ್ತದೆ. ಮರವನ್ನು ಸರಿಯಾಗಿ ಹಿಡಿಯಬೇಕಾದರೆ ಬಂಡೆಯಿಂದ ಕೆಳಗಿಳಿದು, ಹುಲ್ಲಿನ ಏಣಿನ ಬಲಕ್ಕೆ ನಿಲ್ಲಬೇಕು. ಬಿಸಿಲೇರಿ ಮಂಜು ಕರಗುವ ಮೊದಲೇ ಅಲ್ಲಿರಬೇಕು. ಚಿಕ್ಕಮಗಳೂರಿನಿಂದ ನಸುಕಿನಲ್ಲಿಯೇ ಹೊರಟರೆ ಹೊತ್ತಿಗೆ ಸರಿಯಾಗಿ ಮುಟ್ಟಬಹುದು.