ಗಾಳಿಯಿಲ್ಲದ ಮುಂಜಾನೆ ಔಷಧಿ ಸಿಂಪಡಿಸಬಹುದೇ?

ಆನೇಕಲ್ ಕಡೆಯ ರೇಷ್ಮೆ ಬೇಸಾಯಗಾರರೊಬ್ಬರು ಒಂದು ಚಳಿಗಾಲದಲ್ಲಿ ಸತ್ತ ಹುಳುಗಳನ್ನು ಕಾಗದದಲ್ಲಿ ಕಟ್ಟಿಕೊಂಡು ನನ್ನ ಬಳಿಗೆ ಬಂದಿದ್ದರು. ನಾಲ್ಕನೇ ಜ್ವರ ಕಳೆದ ಹುಳುಗಳು ಬಾಯಿಂದ ರಸ ಕಾರಿ ಸತ್ತಿದ್ದವು. ಅವರು ಹಿಪ್ಪುನೇರಳೆಗೆ ಔಷಧಿ ಹೊಡೆದಿರಲಿಲ್ಲ. ಎರಡು ಹೊಲ ಆಚೆ, ಮೇಲಿನ ದಿಣ್ಣೆಯ ಟೊಮೇಟೊ ತಾಕಿಗೆ ನೆರೆಯವರು ಬೆಳಗಿನ ಆರು ಗಂಟೆಗೆ ಕೀಟನಾಶಕ ಸಿಂಪಡಿಸಿದ್ದರು. "ಅವತ್ತು ಒಂದು ಎಲೆಯೂ ಅಲುಗಲಿಲ್ಲ, ಔಷಧಿ ಹೇಗೆ ಬಂತು ಸ್ವಾಮಿ?" ಎಂಬುದು ಅವರ ಪ್ರಶ್ನೆ.

ಉತ್ತರ ವಾಯುಮಂಡಲದಲ್ಲಿದೆ. ಬಿಸಿಲು ಗಾಳಿಯನ್ನು ನೇರವಾಗಿ ಕಾಯಿಸುವುದು ಬಹಳ ಕಡಿಮೆ. ಮೊದಲು ನೆಲ ಕಾಯುತ್ತದೆ, ನೆಲದಿಂದ ಗಾಳಿ ಕಾಯುತ್ತದೆ. ಆದ್ದರಿಂದ ವಾಯುಮಂಡಲದ ಕೆಳಪದರವಾದ ಪರಿವರ್ತನಾ ಮಂಡಲದಲ್ಲಿ ಮೇಲೇರಿದಂತೆ ಕಿಲೋಮೀಟರಿಗೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್‌ನಂತೆ ಉಷ್ಣತೆ ಇಳಿಯುತ್ತದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರು ಚೆನ್ನೈಗಿಂತ ತಂಪಾಗಿರುವುದಕ್ಕೆ ಇದು ಮುಖ್ಯ ಕಾರಣ.

ಡಿಸೆಂಬರ್-ಜನವರಿಯ ತಿಳಿ ಆಕಾಶದ ರಾತ್ರಿಗಳಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ. ನೆಲ ತನ್ನ ಕಾವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಬೇಗ ತಣ್ಣಗಾಗುತ್ತದೆ; ಅದನ್ನು ತಾಗಿದ ಗಾಳಿಯೂ ತಣ್ಣಗಾಗಿ, ಭಾರವಾಗಿ, ಅಲ್ಲೇ ಕೂರುತ್ತದೆ. ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ನಿಲ್ಲುತ್ತದೆ. ಇದೇ ಉಷ್ಣತೆಯ ವಿಲೋಮತೆ. ಮೋಡವಿದ್ದರೆ ಕಂಬಳಿ ಹೊದಿಸಿದಂತೆ ಕಾವು ಉಳಿಯುವುದರಿಂದ ಹೀಗಾಗುವುದು ಕಡಿಮೆ. ಪೀಣ್ಯದ ಕಡೆ ಇಂಥ ಮುಂಜಾನೆ ಹೋದವರು ಹೊಗೆ ಮೇಲೇರದೆ ಚಪ್ಪಟೆಯಾಗಿ ಹರಡಿರುವುದನ್ನು ನೋಡಿರಬಹುದು. ಬಿಸಿಲೇರಿದ ಮೇಲೆ ಅದು ಚದುರುತ್ತದೆ.

ತಣ್ಣನೆಯ ಗಾಳಿ ನೀರಿನಂತೆಯೇ ಇಳಿಜಾರಿಗೆ ಹರಿದು ಕೆರೆಯ ಅಂಗಳದಲ್ಲಿ ನಿಲ್ಲುತ್ತದೆ. (ಅವರೆಯ ಸೊಗಡಿಗೆ ಇಬ್ಬನಿ ಬೇಕೆನ್ನುವ ನಮ್ಮವರು ತಗ್ಗಿನ ಹೊಲದಲ್ಲೇ ಇಬ್ಬನಿ ಹೆಚ್ಚೆಂಬುದನ್ನು ಚೆನ್ನಾಗಿ ಬಲ್ಲರು.) ಆ ಹೊತ್ತಿನಲ್ಲಿ ಸಿಂಪಡಿಸಿದ ಔಷಧಿಯ ಸಣ್ಣ ಹನಿಗಳು ಮೇಲಿನ ಗಾಳಿಯೊಡನೆ ಬೆರೆತು ತೆಳುವಾಗುವುದಿಲ್ಲ. ಮುಚ್ಚಳದ ಕೆಳಗೇ ತೇಲುತ್ತ, ನಮಗೆ ಗೊತ್ತಾಗದಷ್ಟು ನಿಧಾನವಾಗಿ ತಗ್ಗಿಗೆ ಜಾರುತ್ತವೆ. ಆ ರೈತರ ಹಿಪ್ಪುನೇರಳೆ ಇದ್ದದ್ದು ಕೆರೆಯ ಮಗ್ಗುಲಲ್ಲಿ.

ಈಗ ಹುಳುಗಳ ಮಾತಷ್ಟೇ ಅಲ್ಲ. ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ನೆಲದಲ್ಲಿ 1978ರಲ್ಲಿ ಎಲೆಕ್ಟ್ರಾನಿಕ್ ಸಿಟಿ ಮೊದಲಾಯಿತು. ಇಂದು ವೈಟ್‌ಫೀಲ್ಡ್ ಆಚೆಯ ಊರುಗಳಲ್ಲೂ ಸರ್ಜಾಪುರದ ಕಡೆಯೂ ಸೊಪ್ಪು ತರಕಾರಿ ತಾಕುಗಳ ಬೇಲಿಗೇ ಮನೆಗಳು, ಕೂಲಿಗಾರರ ತಗಡಿನ ಶೆಡ್ಡುಗಳು ತಾಗಿವೆ. ಮಕ್ಕಳು ಮಲಗಿರುವ ಹೊತ್ತಿನಲ್ಲಿ ನಾವು ಪಂಪು ಹೊರುತ್ತೇವೆ.

ಪರೀಕ್ಷೆಗೆ ಉಪಕರಣ ಬೇಡ. ಬದುವಿನ ಮೇಲೆ ಒಂದು ಹಿಡಿ ಹಸಿ ಹುಲ್ಲಿಗೆ ಬೆಂಕಿ ತಾಗಿಸಿ ಹೊಗೆ ಎಬ್ಬಿಸಿ. ಹೊಗೆ ಮೊಣಕಾಲೆತ್ತರದಲ್ಲೇ ಹಾಸಿಕೊಂಡು ಹರಿದರೆ ಕಾಯಿರಿ. ಮೇಲೆದ್ದು ಚದುರಿದರೆ, ಅದು ಹೋಗುವ ದಿಕ್ಕಿನಲ್ಲಿ ಮನೆಯಾಗಲಿ ಹಿಪ್ಪುನೇರಳೆಯಾಗಲಿ ಇಲ್ಲದಿದ್ದರೆ, ಸಿಂಪಡಿಸಿ. ಎಲೆ ಅಲುಗುವಷ್ಟು ಮೆಲುಗಾಳಿ ಇದ್ದರೆ ಒಳ್ಳೆಯದೇ. ಚಳಿಗಾಲದಲ್ಲಿ ಇಬ್ಬನಿ ಆರುವವರೆಗೆ ತಡೆದರೆ ಸಾಮಾನ್ಯವಾಗಿ ಸಾಕು. ಬೆಳೆ ಹೂವಿನಲ್ಲಿದ್ದರೆ ಆ ಹೊತ್ತಿಗೆ ಜೇನ್ನೊಣ ಬಂದಿರುತ್ತವೆ. ಆಗ ಸಂಜೆಗೆ ಇಟ್ಟುಕೊಳ್ಳಿ, ಆದರೆ ಹೊತ್ತು ಮುಳುಗುವುದಕ್ಕೆ ಸಾಕಷ್ಟು ಮೊದಲೇ ಮುಗಿಸಿ, ಏಕೆಂದರೆ ಮುಚ್ಚಳ ಸಂಜೆಯಿಂದಲೇ ಕೂಡತೊಡಗುತ್ತದೆ.