ಕೊಟ್ಟ ಅನುದಾನ, ಬಾರದ ತೆರಿಗೆ

ಕಳೆದ ಕಿರುಪರೀಕ್ಷೆಯಲ್ಲಿ ನನಗೆ ಎರಡು ಅಂಕ ಹೋಯಿತು. ‘ಟ್ಯಾಕ್ಸ್ ಅವಾಯ್ಡೆನ್ಸ್’ ಮತ್ತು ‘ಟ್ಯಾಕ್ಸ್ ಇವೇಷನ್’ ಎರಡೂ ಒಂದೇ, ಎರಡೂ ಕಳ್ಳತನ ಎಂದು ಬರೆದಿದ್ದೆ. ಮೇಡಂ ಕೆಂಪು ಶಾಯಿಯಲ್ಲಿ ಗೆರೆ ಎಳೆದು, “ಒಂದು ಅಪರಾಧ, ಇನ್ನೊಂದು ಅಲ್ಲ. ವ್ಯತ್ಯಾಸ ಓದಿಕೊಂಡು ಬಾ” ಎಂದು ಬರೆದಿದ್ದರು. ಓದಿಕೊಂಡು ಬಂದಿದ್ದೇನೆ. ಆದರೆ ಓದಿದ್ದನ್ನು ಮನೆಯಲ್ಲಿ ಹೇಳಿದಾಗ ಅಬ್ಬಾ ಒಂದು ಪ್ರಶ್ನೆ ಕೇಳಿದರು. ಅದಕ್ಕೆ ಉತ್ತರ ಹುಡುಕುತ್ತಾ ಈ ಲೇಖನ ಬರೆದೆ.

ಮೊದಲು ಮೂರು ಪದಗಳು

ತೆರಿಗೆ ವಂಚನೆ, ಅಂದರೆ ಇವೇಷನ್: ಮಾರಾಟವನ್ನು ಮುಚ್ಚಿಡುವುದು, ಸುಳ್ಳು ಬಿಲ್ ಬರೆಯುವುದು. ಇದು ಅಪರಾಧ.

ತೆರಿಗೆ ಯೋಜನೆ: ಕಾನೂನೇ ಕೊಟ್ಟಿರುವ ವಿನಾಯಿತಿಯನ್ನು ಬಳಸಿಕೊಳ್ಳುವುದು. ಭವಿಷ್ಯನಿಧಿಗೆ ಹಣ ಹಾಕಿ ಅದರ ಮೇಲಿನ ವಿನಾಯಿತಿ ಪಡೆಯುವುದು ಇದಕ್ಕೆ ಉದಾಹರಣೆ. ನಾವು ಹಾಗೆ ಮಾಡಲಿ ಎಂಬುದೇ ಸರ್ಕಾರದ ಆಸೆ.

ತೆರಿಗೆ ತಪ್ಪಿಸಿಕೊಳ್ಳುವಿಕೆ, ಅಂದರೆ ಅವಾಯ್ಡೆನ್ಸ್: ಇದು ಎರಡರ ನಡುವೆ ಬರುತ್ತದೆ. ಕಾನೂನಿನ ಒಂದು ಅಕ್ಷರವನ್ನೂ ಮುರಿಯುವುದಿಲ್ಲ, ಆದರೆ ಅದರ ಉದ್ದೇಶ ನೆರವೇರುವುದಿಲ್ಲ. ಲಾಭ ಬಂದದ್ದು ಒಂದು ದೇಶದಲ್ಲಿ, ಲೆಕ್ಕ ಬರೆಯುವುದು ತೆರಿಗೆ ಕಡಿಮೆ ಇರುವ ಇನ್ನೊಂದು ದೇಶದಲ್ಲಿ.

ಪ್ರಥಮ ಪಿಯುಸಿಯ ವ್ಯವಹಾರ ಅಧ್ಯಯನದಲ್ಲಿ ಓದಿದ್ದು ನೆನಪಿದೆಯೇ? ಹಿಂದುಳಿದ ಪ್ರದೇಶಕ್ಕೆ ಉದ್ಯಮ ಬರಲಿ ಎಂದು ಸರ್ಕಾರ ಜಮೀನು, ವಿದ್ಯುತ್, ನೀರು, ತೆರಿಗೆ ರಜೆ, ಅನುದಾನ ಕೊಡುತ್ತದೆ. ನಾವು ಇವನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿದೆವು. ಆದರೆ ಅನುದಾನ ಪಡೆದ ಕಂಪನಿ ಮುಂದೆ ಎಷ್ಟು ತೆರಿಗೆ ಕೊಟ್ಟಿತು ಎಂಬ ಪ್ರಶ್ನೆ ಆ ಪಾಠದಲ್ಲಿ ಬರುವುದಿಲ್ಲ. ಈ ಎರಡೂ ಒಟ್ಟಿಗೆ ಕಾಣುವ ಒಂದು ನಿಜವಾದ ಪ್ರಕರಣ ಬ್ರಿಟನ್ನಿನದು.

ಎರಡು ಗೋದಾಮುಗಳ ಕಥೆ

ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್ ಒಂದು ಕಾಲದಲ್ಲಿ ಲಿನನ್ ಬಟ್ಟೆಯ ನೇಯ್ಗೆಗೆ ಹೆಸರಾಗಿದ್ದ ಊರು. ಸುತ್ತಲೂ ಕಲ್ಲಿದ್ದಲು ಗಣಿಗಳಿದ್ದವು. ಮಗ್ಗಗಳೂ ನಿಂತವು, ಗಣಿಗಳೂ ಮುಚ್ಚಿದವು. 2011ರಲ್ಲಿ ಅಮೆಜಾನ್ ಅಲ್ಲಿ ದೊಡ್ಡ ಗೋದಾಮು ತೆರೆಯಿತು, ಅದಕ್ಕೆ ಸಾರ್ವಜನಿಕ ಹಣದಿಂದ ಅನುದಾನ ಸಿಕ್ಕಿತು. ಇದಕ್ಕೂ ಮೊದಲು, 2008ರಲ್ಲಿ, ವೇಲ್ಸ್‌ನ ಸ್ವಾನ್ಸಿ ಹತ್ತಿರ ಇಂಥದೇ ಗೋದಾಮು ಅನುದಾನದ ನೆರವಿನಿಂದ ಬಂದಿತ್ತು. ಅಲ್ಲಿಗೆ ಹೋಗುವ ರಸ್ತೆಯ ಹೆಸರೇ ‘ಫೋರ್ದ್ ಅಮೆಜಾನ್’. ವೆಲ್ಷ್ ಭಾಷೆಯಲ್ಲಿ ‘ಫೋರ್ದ್’ ಎಂದರೆ ರಸ್ತೆ.

ಇಲ್ಲಿಯವರೆಗೆ ನಮ್ಮ ಪಠ್ಯಪುಸ್ತಕದಲ್ಲಿ ಇರುವ ಹಾಗೆಯೇ ನಡೆದಿದೆ. ಕೆಲಸ ಕಳೆದುಕೊಂಡ ಊರಿಗೆ ಕೆಲಸ ಬಂತು.

ಈಗ ತೆರಿಗೆಯ ಕಡೆ ನೋಡೋಣ. ಆಗ ಬ್ರಿಟನ್ನಿನ ಗ್ರಾಹಕ ಅಮೆಜಾನ್‌ನ ಬ್ರಿಟಿಷ್ ಜಾಲತಾಣದಲ್ಲಿ ಸಾಮಾನು ಕೊಂಡರೆ, ಲೆಕ್ಕದ ಪ್ರಕಾರ ಮಾರಿದ್ದು ಲಕ್ಸಂಬರ್ಗ್ ಎಂಬ ಪುಟ್ಟ ದೇಶದಲ್ಲಿದ್ದ ಕಂಪನಿ. ಬ್ರಿಟನ್ನಿನ ಕಂಪನಿ ಗೋದಾಮು ನೋಡಿಕೊಂಡು, ಪ್ಯಾಕ್ ಮಾಡಿ ಕಳಿಸುವ ಸೇವಾದಾರ ಮಾತ್ರ. ಹಾಗಾಗಿ ಅದರ ಪುಸ್ತಕದಲ್ಲಿ ಬರೆಯುವ ಲಾಭವೂ ಸೇವೆಯ ಲಾಭ ಮಾತ್ರ.

2012ರ ಅಂಕಿಗಳು ಮುಂದಿನ ವರ್ಷ ಪತ್ರಿಕೆಗಳಲ್ಲಿ ಬಂದವು. ಬ್ರಿಟನ್ನಿನಲ್ಲಿ ಅಮೆಜಾನ್ ಮಾರಾಟ ಸುಮಾರು 430 ಕೋಟಿ ಪೌಂಡ್. ಬ್ರಿಟನ್ನಿನ ಕಂಪನಿ ಕಟ್ಟಿದ ಕಾರ್ಪೊರೇಷನ್ ತೆರಿಗೆ ಸುಮಾರು 24 ಲಕ್ಷ ಪೌಂಡ್. ಅದೇ ವರ್ಷ ಪಡೆದ ಸರ್ಕಾರಿ ಅನುದಾನ ಸುಮಾರು 25 ಲಕ್ಷ ಪೌಂಡ್. ಅಂದರೆ ಕಟ್ಟಿದ್ದಕ್ಕಿಂತ ಪಡೆದದ್ದೇ ಸ್ವಲ್ಪ ಹೆಚ್ಚು!

ವಾಣಿಜ್ಯ ವಿದ್ಯಾರ್ಥಿಗಳಾಗಿ ನಾವು ಇಲ್ಲಿ ಎಚ್ಚರ ವಹಿಸಬೇಕು. 430 ಕೋಟಿಯ ಪಕ್ಕದಲ್ಲಿ 24 ಲಕ್ಷ ಇಟ್ಟು ಬೆಚ್ಚಿಬೀಳುವುದು ಸರಿಯಲ್ಲ. ಆ ತೆರಿಗೆ ಬೀಳುವುದು ಲಾಭದ ಮೇಲೆ, ಮಾರಾಟದ ಮೇಲೆ ಅಲ್ಲ. ಅಮೆಜಾನ್ ಕಡಿಮೆ ಲಾಭ ಇಟ್ಟುಕೊಂಡು ಹೆಚ್ಚು ಮಾರುವ ಕಂಪನಿ. ನೌಕರರಿಗೆ ಸಂಬಳವನ್ನೂ ಕೊಡುತ್ತಿತ್ತು. ಆದರೂ ಒಂದೇ ವರ್ಷದ ತೆರಿಗೆ ಮತ್ತು ಅನುದಾನವನ್ನು ಅಕ್ಕಪಕ್ಕ ಇಟ್ಟಾಗ ಪ್ರಶ್ನೆ ಉಳಿದೇ ಉಳಿಯುತ್ತದೆ.

ಅಬ್ಬಾ ಕೇಳಿದ ಪ್ರಶ್ನೆ

ನಮ್ಮದು ಬಸ್ ಸ್ಟ್ಯಾಂಡ್ ಹತ್ತಿರದ ಚಪ್ಪಲಿ, ಬ್ಯಾಗಿನ ಅಂಗಡಿ. ಜಿಎಸ್‌ಟಿಯ ಕಾಂಪೊಸಿಷನ್ ಸ್ಕೀಮಿನಲ್ಲಿದ್ದೇವೆ. ಮೂರು ತಿಂಗಳಿಗೊಮ್ಮೆ ಮಾರಾಟದ ಶೇ. 1ರಷ್ಟು ಕಟ್ಟಬೇಕು. ಅದನ್ನು ಗ್ರಾಹಕರಿಂದ ಬೇರೆಯಾಗಿ ವಸೂಲಿ ಮಾಡುವಂತಿಲ್ಲ. ಲಾಭ ಬರಲಿ ಬಿಡಲಿ, ಮಾರಿದ್ದರ ಮೇಲೆ ಕಟ್ಟಲೇಬೇಕು. ಮೊಬೈಲಿನಲ್ಲಿ ಆ ಕೆಲಸ ಮಾಡುವುದು ನಾನು. ಒಂದು ಸಲ ಪರೀಕ್ಷೆಯ ಗಡಿಬಿಡಿಯಲ್ಲಿ ಕೊನೆಯ ದಿನ ಮರೆತೆ. ವರ್ಷಕ್ಕೆ ಶೇ. 18ರ ದರದಲ್ಲಿ ಬಡ್ಡಿ ಸೇರಿತು. ಮೊತ್ತ ಚಿಕ್ಕದೇ, ಆದರೆ ಅಬ್ಬಾ ಅದನ್ನು ಬಾಕಿ ಪುಸ್ತಕದಲ್ಲಿ ನನ್ನ ಹೆಸರಿಗೇ ಬರೆದಿಟ್ಟರು! ಅದಿನ್ನೂ ಹಾಗೇ ಇದೆ.

ಒಂದು ರಾತ್ರಿ ಅಂಗಡಿ ಮುಚ್ಚಿ ಬಂದು ಅವರು ದಿನದ ಹಣ ಎಣಿಸುವಾಗ ಈ ಅಮೆಜಾನ್ ಕಥೆಯನ್ನು ಉರ್ದುವಿನಲ್ಲಿ ಹೇಳಿದೆ. ಅವರು ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ಎಣಿಸುವುದನ್ನು ನಿಲ್ಲಿಸಿ ಇಷ್ಟೇ ಕೇಳಿದರು: “ಬೇಟಾ, ಸರ್ಕಾರವೇ ದುಡ್ಡು ಕೊಟ್ಟು ಕರೆದಿದ್ದು ತಾನೇ? ಆ ದುಡ್ಡು ಜನರ ಅಮಾನತ್. ಕೊಡುವಾಗಲೇ ಯಾಕೆ ಕೇಳಲಿಲ್ಲ?”

ಯಾಕೆ ಕೇಳಲಿಲ್ಲ?

ನನಗೆ ತಿಳಿದ ಮಟ್ಟಿಗೆ ಮುಖ್ಯ ಕಾರಣ ಇದು: ಕೊಡುವ ಕೈ ಬೇರೆ, ಪಡೆಯುವ ಕೈ ಬೇರೆ. ಅನುದಾನ ಕೊಟ್ಟದ್ದು ಸ್ಕಾಟ್ಲೆಂಡ್ ಮತ್ತು ವೇಲ್ಸ್ ಕಡೆಯ ಸರ್ಕಾರಿ ಸಂಸ್ಥೆಗಳು. ಕಾರ್ಪೊರೇಷನ್ ತೆರಿಗೆ ವಸೂಲಿ ಮಾಡುವುದು ಲಂಡನ್ನಿನ ಸರ್ಕಾರ. ಕೊಡುವವರು ನೋಡುವುದು ಎಷ್ಟು ಕೆಲಸ ಸಿಗುತ್ತದೆ ಎಂಬುದನ್ನು. ತೆರಿಗೆ ಕಡಿಮೆಯಾದರೆ ನಷ್ಟ ನೇರವಾಗಿ ಅವರ ಖಾತೆಯಲ್ಲಿ ಕಾಣುವುದಿಲ್ಲ. ಜೊತೆಗೆ, ‘ನಾವು ಹೆಚ್ಚು ಕೇಳಿದರೆ ಕಂಪನಿ ಪಕ್ಕದ ಊರಿಗೆ ಹೋಗುತ್ತದೆ’ ಎಂಬ ಭಯ. ಕೆಲಸವಿಲ್ಲದ ಊರಿನವರಿಗೆ ಆ ಭಯ ಸುಳ್ಳಲ್ಲ.

ನಮ್ಮಲ್ಲೂ ರಚನೆ ಹೀಗೆಯೇ ಇದೆ. ಕರ್ನಾಟಕದ ಕೈಗಾರಿಕಾ ನೀತಿ ತಾಲ್ಲೂಕುಗಳನ್ನು ವಲಯಗಳಾಗಿ ವಿಂಗಡಿಸಿ ಹಿಂದುಳಿದ ಕಡೆಗೆ ಹೆಚ್ಚು ಪ್ರೋತ್ಸಾಹ ಕೊಡುತ್ತದೆ. ಆದರೆ ಕಂಪನಿಗಳ ಆದಾಯ ತೆರಿಗೆ ವಸೂಲಿ ಮಾಡುವುದು ಕೇಂದ್ರ ಸರ್ಕಾರ.

ಆಮೇಲೆ ಏನಾಯಿತು?

2012ರ ನವೆಂಬರಿನಲ್ಲಿ ಬ್ರಿಟನ್ನಿನ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಅಮೆಜಾನ್, ಗೂಗಲ್, ಸ್ಟಾರ್‌ಬಕ್ಸ್ ಕಂಪನಿಗಳನ್ನು ಕರೆಸಿ ಪ್ರಶ್ನಿಸಿತು. 2013ರಲ್ಲಿ ಇಬ್ಬರು ಪುಸ್ತಕದಂಗಡಿ ಮಾಲೀಕರು, ಅಮೆಜಾನ್ ನ್ಯಾಯವಾದ ತೆರಿಗೆ ಕಟ್ಟಬೇಕೆಂದು ಒಂದು ಲಕ್ಷಕ್ಕೂ ಹೆಚ್ಚು ಸಹಿಗಳ ಮನವಿಯನ್ನು ಪ್ರಧಾನಿಯ ಕಚೇರಿಗೆ ತಲುಪಿಸಿದರು. 2015ರ ಏಪ್ರಿಲ್‌ನಲ್ಲಿ ಬ್ರಿಟನ್ ಹೊರದೇಶಕ್ಕೆ ತಿರುಗಿಸಿದ ಲಾಭದ ಮೇಲೆ ಶೇ. 25ರ ತೆರಿಗೆ ತಂದಿತು. ಮರುತಿಂಗಳಿನಿಂದ ಅಮೆಜಾನ್ ಬ್ರಿಟನ್ನಿನ ಮಾರಾಟವನ್ನು ಬ್ರಿಟನ್ನಿನ ಶಾಖೆಯಲ್ಲೇ ಲೆಕ್ಕ ಹಾಕತೊಡಗಿತು.

ಕಂಪನಿಯ ಪರವಾದ ಸಂಗತಿಯನ್ನೂ ಹೇಳಬೇಕು. ಲಕ್ಸಂಬರ್ಗ್ ಕೊಟ್ಟ ತೆರಿಗೆ ಅನುಕೂಲ ಅಕ್ರಮ, ಸುಮಾರು 25 ಕೋಟಿ ಯೂರೋ ವಾಪಸು ಪಡೆಯಬೇಕು ಎಂದು 2017ರಲ್ಲಿ ಯುರೋಪಿಯನ್ ಆಯೋಗ ಆದೇಶಿಸಿತ್ತು. 2023ರ ಡಿಸೆಂಬರಿನಲ್ಲಿ ಯುರೋಪಿನ ಅತ್ಯುನ್ನತ ನ್ಯಾಯಾಲಯದಲ್ಲಿ ಗೆದ್ದದ್ದು ಅಮೆಜಾನ್. ಮೇಡಂ ನನ್ನ ಉತ್ತರ ತಪ್ಪು ಎಂದದ್ದು ಇದಕ್ಕೇ. ಕಾನೂನು ಮುರಿಯದವರನ್ನು ಕಳ್ಳರೆನ್ನಲಾಗದು. ಆದರೆ ಅನುದಾನ ಕೊಡುವಾಗ ಷರತ್ತು ಹಾಕುವುದಕ್ಕೆ ಯಾರ ಅಡ್ಡಿಯೂ ಇಲ್ಲ.

2020ರಲ್ಲಿ ಕೊರೊನಾ ಪರಿಹಾರ ಕೊಡುವಾಗ ಡೆನ್ಮಾರ್ಕ್ ಅದನ್ನೇ ಮಾಡಿತು. ತೆರಿಗೆ ಸ್ವರ್ಗಗಳಲ್ಲಿ ನೋಂದಣಿಯಾದ ಕಂಪನಿಗಳಿಗೆ ನೆರವಿಲ್ಲ ಎಂದಿತು. ಆದರೆ ಅದು ಬಳಸಿದ್ದು ಯುರೋಪಿಯನ್ ಒಕ್ಕೂಟದ ಪಟ್ಟಿ. ಒಕ್ಕೂಟದ ಸದಸ್ಯ ದೇಶಗಳು ಆ ಪಟ್ಟಿಯಲ್ಲಿ ಬರುವುದೇ ಇಲ್ಲ, ಲಕ್ಸಂಬರ್ಗ್ ಕೂಡ! ಅಂದರೆ ಷರತ್ತು ಇದ್ದರಷ್ಟೇ ಸಾಲದು, ಅದು ಸರಿಯಾದ ಜಾಗಕ್ಕೆ ತಾಗಬೇಕು. 2021ರಲ್ಲಿ 136 ದೇಶಗಳು ದೊಡ್ಡ ಬಹುರಾಷ್ಟ್ರೀಯ ಕಂಪನಿಗಳಿಗೆ ಕನಿಷ್ಠ ಶೇ. 15ರ ತೆರಿಗೆಗೆ ಒಪ್ಪಿದ್ದು ಇದೇ ದಾರಿಯ ಇನ್ನೊಂದು ಹೆಜ್ಜೆ.

ನನ್ನ ತೀರ್ಮಾನ

ಅನುದಾನ ತಪ್ಪಲ್ಲ. ಡನ್‌ಫರ್ಮ್‌ಲಿನ್‌ಗೆ ಕೆಲಸ ಬೇಕಿತ್ತು, ನಮ್ಮ ಹಿಂದುಳಿದ ತಾಲ್ಲೂಕುಗಳಿಗೂ ಬೇಕು. ಆದರೆ ಅರ್ಜಿ ನಮೂನೆಯಲ್ಲಿ ‘ಎಷ್ಟು ಜನರಿಗೆ ಕೆಲಸ?’ ಎಂಬುದರ ಕೆಳಗೆ ‘ಇಲ್ಲಿಯ ಲಾಭವನ್ನು ಯಾವ ದೇಶದಲ್ಲಿ ತೋರಿಸುತ್ತೀರಿ?’ ಎಂಬ ಸಾಲೂ ಇರಬೇಕು. ಕೊಟ್ಟ ಮಾತು ತಪ್ಪಿದರೆ ಹಣ ವಾಪಸು ಎಂಬ ಷರತ್ತೂ ಇರಬೇಕು. ಡೆಬಿಟ್ ಬರೆದ ಮೇಲೆ ಕ್ರೆಡಿಟ್ ಬರೆಯಲೇಬೇಕು ಎಂದು ನಮಗೆ ಮೊದಲ ಪಾಠದಲ್ಲೇ ಕಲಿಸಿದ್ದಾರೆ.

ಅಬ್ಬಾಗೆ ಇಷ್ಟನ್ನು ಹೇಳಿದೆ. “ಸರಿ, ಹಾಗಾದರೆ ಹದಿನೆಂಟನೇ ತಾರೀಖು ಮರೀಬೇಡ” ಅಂದರು.

ತರಗತಿಯಲ್ಲಿ ಚರ್ಚಿಸಲು:
1. ಅನುದಾನಕ್ಕೆ ಕಠಿಣ ಷರತ್ತು ಹಾಕಿ, ಕಂಪನಿ ಪಕ್ಕದ ರಾಜ್ಯಕ್ಕೆ ಹೋದರೆ ನಷ್ಟ ಯಾರಿಗೆ?
2. ಮಾರಾಟದ ಮೇಲಿನ ತೆರಿಗೆ, ಲಾಭದ ಮೇಲಿನ ತೆರಿಗೆ: ಇವೆರಡರಲ್ಲಿ ಸಣ್ಣ ಅಂಗಡಿಗೆ ಯಾವುದು ಭಾರ? ಯಾವಾಗ?

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ